ಸುದ್ದಿ ಒಯ್ಯುವ ಮುದಕಪ್ಪನ ಒಳದಾರಿ

ಶಿರೂರಿನಲ್ಲಿ ಯಾರಾದರೂ ಸತ್ತರೆ ಊರಿಗೆ ಮೊದಲು ನೆನಪಾಗುತ್ತಿದ್ದವನು ಮುದಕಪ್ಪ. ಎಲ್ಲರೂ ಗಟ್ಟಿಮುಟ್ಟಾಗಿದ್ದ ದಿನಗಳಲ್ಲಿ ಅವನೊಬ್ಬ ಇದ್ದಾನೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಸೈಕಲ್ಲು. ಎಪ್ಪತ್ಮೂರನೇ ಇಸವಿಯಲ್ಲಿ ಅವನು ಬಾಗಲಕೋಟೆಯಲ್ಲಿ ಎರಡು ಟಗರು ಮಾರಿ ಹಳೆಯ ಸೈಕಲ್ಲೊಂದನ್ನು ತಂದ. ಅದಕ್ಕಿದ್ದದ್ದು ಒಂದೇ ಬ್ರೇಕು, ಅದೂ ಮನಸ್ಸು ಬಂದಾಗ ಹಿಡಿಯುತ್ತಿತ್ತು. ಆಗ ಊರಲ್ಲಿದ್ದವು ಮೂರೇ ಸೈಕಲ್ಲು. ಒಂದು ಮಾಸ್ತರರದು, ಅವರಿಗೆ ಸಾಲಿ ಇರುತ್ತಿತ್ತು. ಇನ್ನೊಂದು ಕಿರಾಣಿ ಅಂದಪ್ಪನವರದು. ಅವರು ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದರೇ ಹೊರತು ಹತ್ತುತ್ತಿರಲಿಲ್ಲ. ಉಳಿದದ್ದು ಕುರಿ ಕಾಯುವ ಮುದಕಪ್ಪನದು. ಹೀಗಾಗಿ ಹಿರಿಯರೆಲ್ಲ ಕೂಡಿ ಅವನಿಗೊಂದು ದೊಡ್ಡ ಮರ್ಯಾದೆ ದಯಪಾಲಿಸಿದರು: ಊರಲ್ಲಿ ಸಾವಾದರೆ ಬೀಗರೂರಿಗೆ ಹೋಗಿ ಸುದ್ದಿ ಮುಟ್ಟಿಸುವುದು.

ಆ ಕೆಲಸಕ್ಕೂ ರೀತಿ ರಿವಾಜು ಇದ್ದವು. ಸುದ್ದಿ ಒಯ್ದವನು ಹೊಸ್ತಿಲು ದಾಟಬಾರದು, ನೀರು ಕುಡಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ ‘ಸತ್ತರು’ ಎನ್ನಬಾರದು. “ಸ್ವಲ್ಪ ಆರಾಮಿಲ್ಲ, ನೋಡಿ ಬರ್ರಿ” ಎಂದಷ್ಟೇ ಹೇಳಿ ನೆಲ ನೋಡಬೇಕು. ಕೇಳಿದವರು ಅಷ್ಟಕ್ಕೇ ಬೋರಾಡಿ ಅಳಬೇಕು. ಇದರಲ್ಲಿ ಯಾರಿಗೂ ಮೋಸವಿಲ್ಲ. ಹೇಳುವವನು ಸುಳ್ಳಾಡುತ್ತಾನೆಂದು ಕೇಳುವವರಿಗೆ ಗೊತ್ತು, ಅವರಿಗೆ ಗೊತ್ತೆಂದು ಇವನಿಗೂ ಗೊತ್ತು. ಖರೆಖರೆ ಆರಾಮಿಲ್ಲದವರಿಗೆ ಮಾತ್ರ ಸ್ವಲ್ಪ ತೊಂದರೆ. ಸಾಯುವ ತನಕ ಅವರು ಯಾರನ್ನೂ ಕರೆಸುವ ಹಾಗಿರಲಿಲ್ಲ.

ದೊಡ್ಡ ರಸ್ತೆ ಹಿಡಿದರೆ ಮುದಕಪ್ಪನಿಗೆ ಕಾಟ. ದಾರಿಯ ಊರಿನವರು ಹ್ಯಾಂಡಲು ಹಿಡಿದು ನಿಲ್ಲಿಸಿ “ಯಾರಲೇ?” ಎನ್ನುತ್ತಿದ್ದರು. ತಮ್ಮವರಲ್ಲ ಎಂದು ತಿಳಿದ ಮೇಲೆ ಹಾಯಾಗಿ “ಪಾಪ, ಭಾಳ ಛಲೋ ಮನಿಶಾ” ಎಂದು, ಸತ್ತವನ ಹೆಸರನ್ನೂ ಕೇಳದೆ ಬಿಟ್ಟುಬಿಡುತ್ತಿದ್ದರು. ಒಮ್ಮೆ ಅವನು ಬರೀ ಕುರಿಯ ಔಷಧಿಗೆಂದು ಹುನಗುಂದಕ್ಕೆ ಹೊರಟಿದ್ದ. ಅವನನ್ನು ಕಂಡ ಒಂದು ಮನೆಯವರು ಉರಿಯುತ್ತಿದ್ದ ಒಲೆಗೆ ನೀರು ಸುರಿದು ಎದೆ ಬಡಿದುಕೊಳ್ಳತೊಡಗಿದ್ದರು. ಏನೂ ಆಗಿಲ್ಲವೆಂದು ತಿಳಿದಾಗ ರೊಟ್ಟಿ ಕೆಟ್ಟಿತೆಂದು ಇವನನ್ನೇ ಬೈದರು.

ಅಂದಿನಿಂದ ಅವನು ಒಳದಾರಿಗಳನ್ನು ಹುಡುಕಿಕೊಂಡ. ಬಾದಾಮಿಯ ಕಡೆ ಹೋಗಬೇಕಾದರೆ ಮಹಾಕೂಟದ ಗುಡ್ಡದ ಬೆನ್ನ ಮೇಲಿನ ದಾರಿ. ಅಲ್ಲಿ ಮಂಗಗಳಿದ್ದವು, ನೋಡುತ್ತಿದ್ದವು, ಆದರೆ ಯಾರು ಎಂದು ಕೇಳುತ್ತಿರಲಿಲ್ಲ. ಗುಡೂರಿಗಾದರೆ ಮಲಪ್ರಭೆಯ ತೆಳ್ಳನೆಯ ಹರಿವಿನಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿ ದಾಟಿ, ಐಹೊಳೆಯ ಗುಡ್ಡದ ಮಗ್ಗುಲಿಗೆ ಹಾಯುವ ಬಂಡಿಜಾಡು. ಕೆಂಪು ಬಂಡೆ, ಕವಳಿಯ ಕಂಟಿ, ಜಾಲಿಯ ತೆಳು ನೆರಳು. ಏರಿನಲ್ಲಿ ಇಳಿದು ನೂಕಬೇಕು, ಇಳಿಜಾರಿನಲ್ಲಿ ಚಪ್ಪಲಿ ನೆಲಕ್ಕೆ ಒತ್ತಿ ದೇವರನ್ನು ನೆನೆಯಬೇಕು. ಚೈನಿನ ಕಿರಕಿರ ಬಿಟ್ಟರೆ ಸದ್ದಿಲ್ಲ. ಅವನನ್ನು ಕಂಡರೆ ಯಾರ ಮುಖವೂ ಬಾಡದ ಜಾಗ ಅದೊಂದೇ, ಯಾಕೆಂದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಇರುತ್ತಿದ್ದವಳು ಒಬ್ಬಳೇ, ಮಾಯವ್ವ. ಗುಡೂರಿನ ಹಣಮಪ್ಪನ ಮಗಳು. ಹಣಮಪ್ಪನೆಂದರೆ ಮುದಕಪ್ಪನ ತಾಯಿ ಹುಚ್ಚವ್ವನ ಖಾಸ ತಮ್ಮ. ಸೋದರಮಾವನ ಮಗಳೆಂದ ಮೇಲೆ ಹೆಣ್ಣು ಮುದಕಪ್ಪನದೇ. ಹುಚ್ಚವ್ವ ಎಪ್ಪತ್ತಾರರಲ್ಲಿ ಹೋಗಿ ಕೇಳಿಯೂ ಇದ್ದಳು. ಹಣಮಪ್ಪ ದೂರದೃಷ್ಟಿಯುಳ್ಳವನು. “ಸಾವಿನ ಸುದ್ದಿ ಹೊತ್ತು ತಿರಗಾಂವಗ ಹೆಣ್ಣು ಕೊಟ್ರ ಮಗಳ ಕುಂಕುಮ ಉಳಿತೈತೇನಕ್ಕಾ?” ಎಂದು, ಶಿರೂರಿನ ಪಕ್ಕದ ಹಳ್ಳಿಯ ಒಬ್ಬ ಶುಭಲಕ್ಷಣದ ವರನಿಗೆ ಕೊಟ್ಟ. ಆ ಶುಭಲಕ್ಷಣದವನು ಮೂರು ವರ್ಷಕ್ಕೆ ಕಾಮಣಿ ರೋಗವಾಗಿ ತೀರಿಕೊಂಡ. ಸುದ್ದಿಯನ್ನು ಗುಡೂರಿಗೆ ಒಯ್ದವನು ಮುದಕಪ್ಪನೇ.

ತವರಿಗೆ ಮರಳಿದ ಮಾಯವ್ವ ಗುಡ್ಡದಲ್ಲಿ ಕುರಿ ಕಾಯತೊಡಗಿದಳು. ಮೊದಲ ಸಲ ಅವನನ್ನು ತಡೆದು ನಿಲ್ಲಿಸಿ ಮಜ್ಜಿಗೆಯ ಗಡಿಗೆ ಚಾಚಿದಾಗ ಮುದಕಪ್ಪ ಹಿಂಜರಿದ.

“ಸುದ್ದಿ ಒಯ್ಯೂಮುಂದ ಏನೂ ಕುಡಿಬಾರದವಾ.”

“ಮುಂಡಿ ಎದುರು ಬಂದ್ರ ಮುಂದ ಹೋಗಬಾರದು ಅಂತಾರ. ನಾ ಎದುರು ಬಂದೇನಿ, ನೀ ನಿಂತಿ. ನಿಂತ ಮ್ಯಾಲೆ ಸುಮ್ನ ಕುಡಿ” ಎಂದಳು ಆಕೆ.

ಕುಡಿದ. ಆಮೇಲೆ ಗುಡೂರಿನ ಕಡೆಯ ಸುದ್ದಿಗಳನ್ನು ಒಯ್ಯುವುದಕ್ಕೆ ಅವನು ಮುಂಚಿಗಿಂತ ಬೇಗ ಹೊರಡುತ್ತಿದ್ದ. ಊರವರು ಅವನ ಕರ್ತವ್ಯನಿಷ್ಠೆಯನ್ನು ಹೊಗಳಿದರು.

ಎಂಬತ್ನಾಲ್ಕರ ಬೇಸಗೆಗೆ ಅವನಿಗೆ ಮೂವತ್ತೈದಾಯಿತು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕಿ ಅವರ ಕುಲದಲ್ಲಿ ನಡೆಯುತ್ತಿತ್ತು. ಹುಚ್ಚವ್ವ ತಮ್ಮನ ಬಳಿ ಮತ್ತೊಮ್ಮೆ ಕೇಳುವುದೆಂದು ನಿಶ್ಚಯಿಸಿದಳು. ಹಿರಿಯರು ಐತವಾರ ಬರುತ್ತಾರೆಂದು ಗುಡೂರಿಗೆ ಮೊದಲೇ ತಿಳಿಸಬೇಕು. ತಿಳಿಸುವವರು ಯಾರು?

“ಅವ್ವಾ, ನಾ ಹೋದ್ರ ಅಳತಾರ” ಎಂದ ಮುದಕಪ್ಪ.

“ಬಾಯಿ ಇಲ್ಲೇನು ನಿನಗ? ಎಲ್ಲಾರೂ ಭಾಳ ಆರಾಮ ಅದಾರಂತ ಮೊದಲ ಹೇಳು. ಈ ಸಲಾನೂ ನಮ್ಮ ತಮ್ಮ ಒಲ್ಲೆ ಅಂದ್ರ ನೀ ಆ ಸೈಕಲ್ಲನ್ನs ಲಗ್ನ ಆಗು.”

ಅವನು ಒಗೆದ ಧೋತರ ಉಟ್ಟು, ಕೆಂಪು ಪಟಕಾ ಸುತ್ತಿ ಹೊರಟ. ಸಾವಿನ ಸುದ್ದಿ ಒಯ್ಯುವಾಗ ಗಂಟೆ ಬಾರಿಸುವ ಪದ್ಧತಿ ಇರಲಿಲ್ಲವಾದ್ದರಿಂದ ಗುಡೂರಿನ ಓಣಿಯ ಉದ್ದಕ್ಕೂ ಗಂಟೆ ಬಾರಿಸುತ್ತಲೇ ಹೋದ. ಜನ ಜಾಣರು. ಗಂಟೆ ಬಾರಿಸಿಕೊಂಡು ಬಂದನೆಂದರೆ ಬಲು ದೊಡ್ಡ ಸಾವೇ ಇರಬೇಕೆಂದು ತಿಳಿದು ಹಿಂದೆ ಹಿಂದೆ ಬಂದರು.

ಹಣಮಪ್ಪ ಕಟ್ಟೆಯಿಂದ ಎದ್ದು ನಿಂತ. “ಯಾರೋ ಮುದಕಪ್ಪ?”

“ಯಾರೂ ಇಲ್ಲ ಮಾವ. ಎಲ್ಲಾರೂ ಆರಾಮ ಅದಾರ.”

“ನಮ್ಮಕ್ಕ?”

“ಅವ್ವ ಭಾಳ ಆರಾಮ ಅದಾಳ. ಐತವಾರ...”

“ಭಾಳ ಆರಾಮ ಅಂತವಾ!” ನೆರೆಮನೆಯ ಶಾರವ್ವ ಎದೆ ಬಡಿದುಕೊಂಡಳು. ಸುತ್ತಲ ಊರುಗಳಲ್ಲಿ ಅಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. “ಸ್ವಲ್ಪ ಆರಾಮಿಲ್ಲ ಅಂದಿದ್ರರ ಒಂದ್ ಮಾತಾಗಿತ್ತು! ಹೋದೇನ ನಮ್ಮವ್ವಾ, ಹುಚ್ಚಕ್ಕಾ!”

“ಬೀರಪ್ಪನಾಣಿ ಮಾವ, ಅವ್ವ ಜ್ವಾಳಾ ಹಸನ ಮಾಡಾಕತ್ತಾಳ!”

“ಆಣಿ ಮಾಡಬ್ಯಾಡಪಾ” ಎಂದು ಹಣಮಪ್ಪ ಅಳುತ್ತಲೇ ಅವನ ಹೆಗಲು ಹಿಡಿದ. “ನಿಂದೇನು ತಪ್ಪೈತಿ? ನಿನ್ನ ಧರ್ಮ ನೀ ಮಾಡಾಕತ್ತಿ. ಹೆತ್ತ ತಾಯಿ ಸುದ್ದಿ ತಾನs ತಂದಾನ, ಎಂಥಾ ಗಟ್ಟಿ ಎದಿ!”

“ಐತವಾರ ಹಿರ್ಯಾರು ಬರ್ತಾರಂತ ಹೇಳಾಕ ಬಂದೇನ್ರೋ!”

“ಐತವಾರದ ತನಕ ಹೆಣಾ ಇಡ್ತಾರಂತs ಈ ಬಿಸಲಾಗ?” ಎಂದು ಯಾರೋ ಒಬ್ಬರು ಕಾಳಜಿಯಿಂದ ಕೇಳಿದರು. “ತಲಿ ಕೆಟ್ಟೈತಿ ಪಾಪ ಅವಂದು” ಎಂದು ಇನ್ನೊಬ್ಬರು ಉತ್ತರ ಕೊಟ್ಟರು.

ಹೆಣ್ಣುಮಗಳು ಸತ್ತರೆ ತವರಿನಿಂದ ಕಡೆಯ ಸೀರೆ ಹೋಗಬೇಕು. ಹಣಮಪ್ಪ ಅಂಗಡಿಗೆ ಓಡಿ ಸೀರೆ ತಂದ, ಯಾರೋ ಹೂವಿನ ಮಾಲೆ ತಂದರು, ಎಂಟು ಜನ ಬಸ್ಸು ಹತ್ತಿದರು. ಮುಂದಿನ ಸೀಟು ಶಾರವ್ವನಿಗೆ. ಮುದಕಪ್ಪ “ನಿಲ್ಲಸ್ರೀ, ಅವ್ವ ಬದಕ್ಯಾಳ್ರೀ!” ಎಂದು ಬಸ್ಸಿನ ಹಿಂದೆ ಓಡಿದ. ಆ ದುಃಖ ನೋಡಲಾಗದೆ ಕಂಡಕ್ಟರನೂ ಕಣ್ಣೊರೆಸಿಕೊಂಡ.

ಗದ್ದಲ ಕೇಳಿ ಕುರಿಗಳನ್ನು ಹಟ್ಟಿಗೆ ಅಟ್ಟಿ ಬಂದ ಮಾಯವ್ವನಿಗೆ ಕಂಡದ್ದು, ಖಾಲಿ ಓಣಿಯಲ್ಲಿ ಸೈಕಲ್ಲು ಹಿಡಿದು ನಿಂತ ಮುದಕಪ್ಪ. ಅವಳು ಪಟಕಾ ನೋಡಿದಳು, ಧೋತರ ನೋಡಿದಳು.

“ಹೆಣ್ಣು ಕೇಳಾಕ ಬಂದಿ, ಹೌದಲ್ಲೋ?”

“ಹೂಂ.”

“ಯಾರನ್ನ?”

“ನಿಮ್ಮ ಮನ್ಯಾಗ ಮತ್ಯಾರು ಅದಾರ?”

ಮಾಯವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಇವರು ಹೋಗಿ ಒಮ್ಮಿಗೆಲೆ ಬೋರಾಡಿದ್ರ ಅತ್ತಿ ಎದಿ ಒಡದು ಖರೇನ ಸಾಯ್ತಾಳ. ಬಸ್ಸು ಅಮೀನಗಡ ಸುತ್ತಿ ಹೋಗ್ತೈತಿ, ಅಲ್ಲಿ ಮತ್ತೊಂದು ಬಸ್ಸಿಗೆ ಕಾಯಬೇಕು. ತಗಿ ಸೈಕಲ್ಲ.”

ಅವನು ಹತ್ತಿದ. ಅವಳೂ ಹಿಂದಿನ ಕ್ಯಾರಿಯರ್ ಮೇಲೆ ಕೂತಳು. ಏರಿನಲ್ಲಿ ಅವನು ಮುಂದೆ ಎಳೆದ, ಅವಳು ಹಿಂದಿನಿಂದ ನೂಕಿದಳು. ಇಳಿಜಾರಿನಲ್ಲಿ ನಾಲ್ಕು ಚಪ್ಪಲಿಗಳು ನೆಲಕ್ಕೆ ಒತ್ತಿದ್ದರಿಂದ ದೇವರನ್ನು ಅಷ್ಟಾಗಿ ನೆನೆಯಬೇಕಾಗಲಿಲ್ಲ. ಹೊಳೆಯಲ್ಲಿ ಸೈಕಲ್ಲು ಅವನ ಹೆಗಲ ಮೇಲೆ, ಪಟಕಾ ಅವಳ ತಲೆಯ ಮೇಲೆ. ಉದ್ದಕ್ಕೂ ಒಂದು ನರಪಿಳ್ಳೆಯೂ ಎದುರಾಗಲಿಲ್ಲ.

ಶಿರೂರು ಕಂಡಾಗ ದಾರಿ ಎರಡಾಯಿತು. ಒಂದು ಹೊಲಗಳ ನಡುವೆ ಸುತ್ತಿ ಅವನ ಮನೆಯ ಹಿತ್ತಲಿಗೆ ಹೋಗುತ್ತಿತ್ತು, ಇನ್ನೊಂದು ನೆಟ್ಟಗೆ ಊರ ಅಗಸಿಬಾಗಿಲಿಗೆ. ರೂಢಿಯಂತೆ ಮುದಕಪ್ಪ ಹಿತ್ತಲ ದಾರಿಗೆ ಹ್ಯಾಂಡಲು ತಿರುಗಿಸಿದ.

“ಎತ್ತಾಗ?” ಎಂದಳು ಮಾಯವ್ವ.

“ಮಂದಿ ನೋಡ್ತಾರ.”

“ನೋಡಲಿ. ಕದ್ದ ಕುರಿ ಹೊಡಕೊಂಡು ಹೊಂಟೀಯೇನು? ಅಗಸ್ಯಾಗ ಹಾಯ್ಸು. ಇಲ್ಲಾಂದ್ರ ನಾ ಇಲ್ಲೇ ಇಳದು ಗುಡೂರಿಗೆ ನಡಕೊಂತ ಹೋಗ್ತೇನಿ.”

ಹನ್ನೊಂದು ವರ್ಷ ಒಳದಾರಿಯಲ್ಲೇ ಸವೆದ ಆ ಗಾಲಿಗಳು ಅಲ್ಲಿ ಒಂದು ಗಳಿಗೆ ನಿಂತವು. ಆಮೇಲೆ ಮುದಕಪ್ಪ ಹ್ಯಾಂಡಲನ್ನು ನೆಟ್ಟಗೆ ಮಾಡಿ ಪೆಡಲು ತುಳಿದ. ಅಗಸಿಯ ಕಟ್ಟೆಯ ಮೇಲೆ ಊರಿನ ಹಿರಿಯರು ಎಂದಿನಂತೆ ಏನೂ ಮಾಡದೆ ಕುಳಿತಿದ್ದರು. ಅವರಿಗೆ ಅವತ್ತು ಕೆಲಸ ಸಿಕ್ಕಿತು. ಎಲ್ಲರೂ ಎದ್ದು ಸೈಕಲ್ಲಿನ ಹಿಂದೆ ನಡೆದರು.

ಮನೆಯ ಮುಂದೆ ಗುಡೂರಿನವರು ಆಗಲೇ ಇಳಿದಿದ್ದರು. ಹುಚ್ಚವ್ವನ ಎದೆ ಒಡೆದಿರಲಿಲ್ಲ. ಮೊರ ಹಿಡಿದು ನಿಂತು ಬಾಯಿ ಮಾಡುತ್ತಿದ್ದಳು. ಶಾರವ್ವ ಅರ್ಧ ಎತ್ತಿದ ರಾಗವನ್ನು ಇಳಿಸಲಾರದೆ ಒದ್ದಾಡುತ್ತಿದ್ದಳು. ಹಣಮಪ್ಪ ತನಗಾದ ಅವಮಾನಕ್ಕೆ ಕೆಂಪಾಗಿ, “ನಿನ್ನ ಮಗಗ ಇನ್ನ ನನ್ನ ಮನಿ ಹೊಸ್ತಲಾ...” ಎಂದು ಶುರುಮಾಡಿದ್ದ. ಅಷ್ಟರಲ್ಲಿ ಕ್ಯಾರಿಯರಿನಿಂದ ಅವನ ಮಗಳು ಇಳಿದಳು, ಇಡೀ ಶಿರೂರು ನೋಡುತ್ತಿದ್ದಂತೆ.

ಎರಡೂ ಊರಿನ ಹಿರಿಯರು ಒಂದೇ ಅಂಗಳದಲ್ಲಿ ಕೂಡಿದ್ದರು, ಐತವಾರದ ತನಕ ಕಾಯುವ ಗರಜೇ ಉಳಿದಿರಲಿಲ್ಲ. ಹಣಮಪ್ಪ ಮಗಳನ್ನು ನೋಡಿದ, ಕೂಡಿದ ಮಂದಿಯನ್ನು ನೋಡಿದ, ಗಂಟಲು ಸರಿಮಾಡಿಕೊಂಡು, “ಅಕ್ಕಾ, ನಾ ಮೊದಲs ಅಂದಿದ್ದೆ, ಹುಡಿಗಿ ನಿನಗs ಅಂತ” ಎಂದ. ಹಿರಿಯರೆಲ್ಲ ಹೌದು, ತಮಗೂ ನೆನಪಿದೆ ಎಂದರು.

ಮುಂದಿನ ವಾರವೇ ಉಡಿಕಿಯಾಯಿತು. ಹುಚ್ಚವ್ವ ಅಂದು ಉಟ್ಟಿದ್ದು ತವರಿನಿಂದ ತನ್ನ ಹೆಣಕ್ಕೆಂದು ಬಂದ ಆ ಇಳಕಲ್ ಸೀರೆಯನ್ನೇ. ಶಾರವ್ವ ಬೇಡವೆಂದು ಕೈ ಹಿಡಿದರೂ ಕೇಳಲಿಲ್ಲ. ಸೆರಗನ್ನು ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದಳು.

“ನೋಡ್ರೆವಾ, ರೇಷ್ಮಿ ಒಂದೆಳಿ ಐತೇನು? ಸತ್ತಾಕಿ ಏನು ಸೆರಗು ಮುಟ್ಟಿ ನೋಡ್ತಾಳ ಅಂತ ಬರೇ ನೂಲಿಂದು ತಂದಾನ ನನ್ನ ತಮ್ಮ. ಬಣ್ಣಾರ ನಿಲ್ಲತೈತೋ ಇಲ್ಲೋ!”