ಮರೆಪ್ಪ ಕಾಕಾನ ಹಣ್ಣುಗಲ್ಲು

ಮರೆಪ್ಪ ಕಾಕಾ ತನ್ನ ಹೊಲಕ್ಕೂ ಬಸ್ಸಿನಲ್ಲಿ ಟಿಕೆಟ್ ತೆಗೆಸುತ್ತಿದ್ದ. ವನದುರ್ಗದ ಕಡೆಯಿಂದ ಶಹಾಪುರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಂದು ಗೊಬ್ಬರದ ಚೀಲ, ಚೀಲದ ಪಕ್ಕ ಅವನು. ಒಳಗೆ ಅವನ ಹೊಲದ ಮಣ್ಣು. ಮಣ್ಣಿಗಿಂತ ಹೆಚ್ಚು ಕಲ್ಲು. ಕಂಡಕ್ಟರ್ ಚೀಲವನ್ನು ಸೀಟಿನ ಕೆಳಗೆ ತಳ್ಳಲು ಬಂದರೆ, "ಟಿಕೀಟ್ ತಗೊಂಡಾದ್ರಿ, ಕುಂತು ಬರ್ತದ," ಎಂದು ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದ.

ಆಗ ನಾನು ಶಹಾಪುರದಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಕೇಂದ್ರದಲ್ಲಿ ಸಹಾಯಕಿ. ರೈತರು ತಂದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಮೇಲುಳಿದ ಕಲ್ಲನ್ನು ಹಿತ್ತಲಿಗೆ ಚೆಲ್ಲುವುದು ನನ್ನ ಕೆಲಸ. ಅರ್ಧ ಕಿಲೋ ಮಣ್ಣಿದ್ದರೆ ಸಾಕು, ಅದರ ಗುಣ ಬರೆದ ಒಂದು ಕಾರ್ಡು ರೈತರಿಗೆ ಸಿಗುತ್ತಿತ್ತು. ಆದರೆ ನಮ್ಮ ಕಡೆಯವರಿಗೆ ಕಚೇರಿಗೆ ಮಣ್ಣು ಕೊಡುವುದೆಂದರೆ ಹೆಣ್ಣು ತೋರಿಸಿದ ಹಾಗೆ. ದೋರನಹಳ್ಳಿಯವರು ಹೊಲ ಬಿಟ್ಟು ತಿಪ್ಪೆಯ ಪಕ್ಕದ ಮಣ್ಣು ತರುತ್ತಿದ್ದರು. ಸಗರದ ಯಜಮಾನರೊಬ್ಬರು ಮನೆಯಲ್ಲೇ ಸಾಣಿಸಿ, ಹೊಸ ಸ್ಟೀಲಿನ ಡಬ್ಬಿಯಲ್ಲಿ ತಂದು, "ಸರಕಾರಕ್ಕ ಹೊಲಸು ಮಣ್ಣು ಹ್ಯಾಂಗ ಕೊಡೋದ್ರಿ," ಎಂದಿದ್ದರು. ಹೀಗಾಗಿ ನಮ್ಮ ದಾಖಲೆಯ ಪ್ರಕಾರ ಇಡೀ ತಾಲ್ಲೂಕು ತಿಪ್ಪೆಯಷ್ಟು ಫಲವತ್ತಾಗಿತ್ತು.

ಕಾಕಾ ಮಾತ್ರ ಪೂರ್ತಿ ಉಲ್ಟಾ. ಮೊದಲ ಸಲ ಬಂದಾಗ ಅವನ ಚೀಲದಿಂದ ಒಂದು ಬೊಗಸೆ ಜರಡಿಗೆ ಹಾಕಿದೆ. ಕೆಳಗೆ ಒಂದು ಮುಷ್ಟಿ ಇಳಿಯಿತು, ಉಳಿದದ್ದೆಲ್ಲ ಮೇಲೆ. ಜರಡಿ ಎತ್ತಿಕೊಂಡು ಹಿತ್ತಲಿಗೆ ಹೊರಟರೆ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗಿ ಒಯ್ಯಾಕತ್ತೀರಿ ಬಾಯಾರ?"

"ಕಲ್ಲು ಕಾಕಾ. ಚೆಲ್ಲಾಕ."

"ಅರ್ಧ ಹೊಲ ಚೆಲ್ಲಿ, ಉಳಿದರ್ಧ ನೋಡಿ, ಮರೆಪ್ಪನ ಹೊಲ ಹಿಂಗದ ಅಂತ ಬರೀತೀರಿ. ನಾಳಿ ನನ್ನ ಫೋಟೋ ತಗಿಯೋ ಮುಂದ ಎಲುಬು ತಗದು ಹೊರಗಿಡ್ತೀರೇನು?"

ನಾನು ಜರಡಿ ಕೆಳಗಿಟ್ಟೆ. ಅವನು ಕಲ್ಲುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಮತ್ತೆ ಟಿಕೆಟ್ ತೆಗೆಸಿ, ಊರಿಗೆ ಒಯ್ದ. ಎಲ್ಲಿಂದ ಎತ್ತಿದ್ದನೋ ಅಲ್ಲೇ ಇಟ್ಟನೆಂದು ಆಮೇಲೆ ತಿಳಿಯಿತು. ನಮ್ಮ ಸಾಹೇಬರು ಅವನ ಅರ್ಜಿಯ ಮೇಲೆ 'ಕಲ್ಲು ಹೆಚ್ಚು, ಮಾದರಿ ತಿರಸ್ಕರಿಸಲಾಗಿದೆ' ಎಂದು ಬರೆದರು. ಮರುವರ್ಷ ಇನ್ನೂ ದೊಡ್ಡ ಚೀಲ ಬಂತು.

ಅವನ ಹಟಕ್ಕೆ ಕಾರಣವಿತ್ತು. ಕಾಕಾನ ಅಪ್ಪ ಹುಟ್ಟಿದಾಗಿನಿಂದ ಇನ್ನೊಬ್ಬರ ಹೊಲದಲ್ಲಿ ದುಡಿದವರು. ಭೂಮಿ ಇಲ್ಲದವರಿಗೆ ಭೂಮಿ ಹಂಚಿದಾಗ ಯಾರಿಗೂ ಬೇಡವಾಗಿದ್ದ ಗುಡ್ಡದ ಬುಡದ ನಾಲ್ಕು ಎಕರೆ ಅವರ ಪಾಲಿಗೆ ಬಂತು. ಸುತ್ತಲಿನ ಗುಡ್ಡಗಳೆಲ್ಲ ಬೂದು ಬಂಡೆಗಳಾದರೆ ಇದೊಂದು ಮಾತ್ರ ಕರಿಕಲ್ಲಿನ ಮರಡಿ. ಹೊಲ ಸಿಗಲಿಲ್ಲ, ಗೋಡೆ ಕಟ್ಟಲು ಕಲ್ಲು ಸಿಕ್ಕಿತು ಎಂದು ಊರವರು ನಕ್ಕರು. ಪಹಣಿಯಲ್ಲೂ 'ಕಲ್ಲು, ಖರಾಬು' ಎಂದೇ ಬರೆದಿತ್ತು. ಅಲ್ಲೇ ಸಜ್ಜೆ, ತೊಗರಿ ಬೆಳೆದು ಎರಡು ತಲೆಮಾರು ಉಂಡರೂ ಕಾಗದದಲ್ಲಿ ಅದು ಹೊಲವಾಗಲಿಲ್ಲ. ಅಪ್ಪ ಕೊನೆಯವರೆಗೂ ಆ ಕಾಗದ ನೋಡುತ್ತಲೇ ಇದ್ದು ತೀರಿಹೋದರು. ಸರಕಾರದ ಒಂದಾದರೂ ಕಾಗದದಲ್ಲಿ ಅದು ಮಣ್ಣು ಎಂದು ಬರಬೇಕು. ಕಾಕಾಗೆ ಬೇಕಾಗಿದ್ದದ್ದು ಅಷ್ಟೇ.

ಒಂದು ಬೇಸಿಗೆ ಅವನ ಕಾಟ ತಾಳಲಾರದೆ ಸಾಹೇಬರು ನನ್ನನ್ನು ಕರೆದುಕೊಂಡು ಹೊಲಕ್ಕೇ ಹೋದರು. ಕೆಳಗಿನ ಎರೆಹೊಲಗಳು ಕೈ ಹೋಗುವಷ್ಟು ಬಿರುಕು ಬಿಟ್ಟಿದ್ದವು. ಕಾಕಾನ ಹೊಲದಲ್ಲಿ ಬಿರುಕಿರಲಿ, ಬಿರುಕು ಬಿಡಲು ಜಾಗವೇ ಇರಲಿಲ್ಲ. ಅವನು ಕೂತು ಒಂದು ಕಲ್ಲನ್ನು ಮೆಲ್ಲಗೆ ಎತ್ತಿದ. ಆ ಬಿಸಿಲಲ್ಲೂ ಅಡಿಯಲ್ಲಿ ತಂಪು, ಹಸಿ. ನನ್ನ ಕೈ ಹಿಡಿದು ಮುಟ್ಟಿಸಿದ.

"ಈ ಕಲ್ಲು ತಗದ್ರ ಬಿಸಿಲು ಒಂದs ದಿನಕ್ಕ ಕುಡದು ಹೋಗ್ತದ. ಕಲ್ಲು ಅಲ್ರಿ ಇದು, ಮುಚ್ಚಳ." ಹೀಗೆಂದು ಕೂಸಿಗೆ ಹೊದಿಸಿದಂತೆ ಕಲ್ಲನ್ನು ಮತ್ತೆ ಇಟ್ಟ.

ಆಮೇಲೆ ತಲೆಯಷ್ಟು ದೊಡ್ಡ ಗುಂಡುಕಲ್ಲನ್ನು ತೋರಿಸಿ ಉಗುರಿನಿಂದ ಕೆರೆದ. ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಎದ್ದು ಬಂದು ಅಂಗೈಯಲ್ಲಿ ಪುಡಿಯಾಯಿತು. "ಇದು ಹಣ್ಣಾಗ್ಯಾದ ನೋಡ್ರಿ. ಅತ್ಲಾಗಿಂದು ದೋರಗಾಯಿ. ಬದುವಿನ ಮ್ಯಾಲಿಂದು ಇನ್ನಾ ಕಾಯಿ. ನನ್ನ ಮೊಮ್ಮಕ್ಕಳ ಮೊಮ್ಮಕ್ಕಳಿಗಿ ಬರ್ತದ."

ಈ ಕಲ್ಲು ಒಂದಾನೊಂದು ಕಾಲಕ್ಕೆ ಭೂಮಿಯೊಳಗಿನಿಂದ ಬೆಂಕಿಯಾಗಿ ಉಕ್ಕಿ ಹರಿದು, ಆರಿ ಗಟ್ಟಿಯಾದದ್ದು ಎಂದು ಸಾಹೇಬರು ವಿವರಿಸಿದರು. ಕಾಕಾ ಗಂಭೀರವಾಗಿ ಕೇಳಿಸಿಕೊಂಡ.

"ಅಂದ್ರ ಬೆಂದದ್ದು ಅನ್ರಿ. ಬೆಂದ ರೊಟ್ಟಿಗಿ ಯಾರರ ಖರಾಬು ಅಂತಾರೇನ್ರಿ ಸಾಹೇಬ್ರ?"

ಮಣ್ಣಿನ ಆಳ ಅಳೆಯಬೇಕಿತ್ತು. ಕೊರೆಯುವ ಸಲಾಕೆಯನ್ನು ಎಂಟು ಕಡೆ ಊರಿದೆವು; ಎಂಟು ಕಡೆಯೂ ಒಂದು ಗೇಣಿಗೆ ಠಣ್ ಎಂದಿತು. ಸಾಹೇಬರು 'ಒಂದು ಗೇಣು' ಎಂದು ಬರೆಯಲು ಪೆನ್ನು ತೆಗೆದರು. ಕಾಕಾ ಪೆನ್ನಿನ ಮೇಲೆ ಕೈ ಇಟ್ಟ. "ಕಾಯಿಗಿ ಬಡದಾದ್ರಿ. ಕೆಳಗ ಹಣ್ಣದ." ಸಾಹೇಬರ ತಲೆ ಬಿಸಿಲಿಗೆ ಸುಡುತ್ತಿತ್ತು. ಆಳದ ಜಾಗವನ್ನು ಖಾಲಿ ಬಿಟ್ಟು ಜೀಪು ಹತ್ತಿದರು. ಕಾರ್ಡಿನ ಮಾತು ಅಲ್ಲಿಗೇ ನಿಂತಿತು.

ಇನ್ನು ನನ್ನ ತಪ್ಪಿನ ವಿಷಯ. ಮುದುಕ ವರ್ಷವರ್ಷ ಚೀಲ ಹೊತ್ತು ಬರುವುದನ್ನು ನೋಡಲಾಗದೆ, ಸಗರದ ಯಜಮಾನರ ಡಬ್ಬಿಯ ನುಣುಪು ಮಣ್ಣಿಗೆ ಮರೆಪ್ಪನ ಹೆಸರಿನ ಚೀಟಿ ಅಂಟಿಸಿದೆ. ಕಾರ್ಡು ಚಿನ್ನದಂತೆ ಬಂತು: 'ಫಲವತ್ತಾದ ಎರೆಮಣ್ಣು, ಹತ್ತಿಗೂ ಭತ್ತಕ್ಕೂ ಯೋಗ್ಯ.' ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದೆ. ಎಂಟು ದಿನದಲ್ಲಿ ಕಾಕಾ ಮತ್ತೆ ಚೀಲ ಹೊತ್ತು ಬಂದ, ಜೊತೆಗೆ ಹೆಂಡತಿ ಸಾಬಮ್ಮ. ಮೊದಲು ಬಾಯಿ ತೆರೆದವಳು ಅವಳೇ.

"ಭತ್ತ ಹಚ್ಚಂತ ಬರದೀರಂತ. ಗುಡ್ಡದ ಮ್ಯಾಲ ನೀರು ನೀವು ಹೊರ್ತೀರೋ, ನಿಮ್ಮ ಸಾಹೇಬ್ರು ಹೊರ್ತಾರೋ?"

ಕಾಕಾ ಕಾರ್ಡನ್ನು ಮೇಜಿನ ಮೇಲಿಟ್ಟ. ಸಿಟ್ಟಾಗಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. "ಇದು ಯಾರದೋ ಮನಿ ಕೂಸಿನ ಫೋಟೋ ಬಾಯಾರ. ಚಂದ ಅದ. ಆದ್ರ ನಮ್ಮದಲ್ಲ."

ಆ ದಿನ ಸಾಹೇಬರು ರಜೆಯಲ್ಲಿದ್ದರು. ಕಲ್ಲನ್ನೂ ಲೆಕ್ಕಕ್ಕೆ ಹಿಡಿದು ಹೊಸ ಕಾರ್ಡು ಬರೆಯಲು ಹೊರಟೆ. ನಮ್ಮ ತಕ್ಕಡಿ ಗ್ರಾಮಿನ ಲೆಕ್ಕದ್ದು. ಚೀಲ ಇಟ್ಟರೆ ಪುಡಿಪುಡಿಯಾದೀತು. ಪಕ್ಕದ ತೊಗರಿ ವ್ಯಾಪಾರಿಯ ತಕ್ಕಡಿ ಬೇಡಿ ತಂದೆ. ಕಾಕಾ ನೆಲದ ಮೇಲೆ ಕೂತು ಕಲ್ಲುಗಳನ್ನು ಹಣ್ಣು, ದೋರಗಾಯಿ, ಕಾಯಿ ಎಂದು ಮೂರು ಗುಡ್ಡೆ ಮಾಡಿದ. ಸಾಬಮ್ಮ ಅವನ ಕಾಯಿಯಲ್ಲಿ ಎರಡನ್ನು ಎತ್ತಿ ದೋರಗಾಯಿಗೆ ಹಾಕಿದಳು. ಅದರ ಮೇಲೆ ಸ್ವಲ್ಪ ಹೊತ್ತು ಜಗಳವಾಯಿತು. ಎಲ್ಲವನ್ನೂ ತೂಗಿ, ಜರಡಿಯಿಂದ ಇಳಿದ ಮಣ್ಣಿನ ಪರೀಕ್ಷೆಯನ್ನೂ ಮಾಡಿ, ಷರಾದ ಜಾಗದಲ್ಲಿ 'ಕರಿಕಲ್ಲು ಕೊಳೆತು ಆದ ಮರಡಿ ಮಣ್ಣು' ಎಂದು ಬರೆದು ಓದಿ ಹೇಳಿದೆ.

"ಕೊಳತು ಅನಬ್ಯಾಡ್ರಿ. ಹಣ್ಣಾಗಿ ಅಂತ ಬರೀರಿ."

ಹಾಗೆಯೇ ಬರೆದೆ. ಆಳದ ಜಾಗಕ್ಕೆ ಬಂದಾಗ ಅವನೇ ತಡೆದ. "ಗೊತ್ತಿಲ್ಲದ್ದು ಬರೀಬ್ಯಾಡ್ರಿ. ಗೊತ್ತಾದ ದಿನ ಬರಿಯೋಣು." ಸಾಹೇಬರು ಮರುದಿನ ಬಂದು, ಕಂತೆಯಲ್ಲಿದ್ದ ಎಲ್ಲ ಕಾರ್ಡುಗಳ ಜೊತೆ ಇದಕ್ಕೂ ಓದದೆ ಸಹಿ ಹಾಕಿದರು. ಕಾಕಾ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಹೋದ. ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಒಯ್ದರೆ ಅಲ್ಲಿಯ ಗುಮಾಸ್ತ, "ಆಳ ಖಾಲಿ ಅದ, ನಡಿಯಂಗಿಲ್ಲ," ಎಂದು ವಾಪಸು ಕಳಿಸಿದನಂತೆ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ನಾನು ಕಚೇರಿಯ ಚೀಲ ಹೆಗಲಿಗೆ ಹಾಕಿಕೊಂಡಿದ್ದಂತೆಯೇ ಬಸ್ಸು ಹತ್ತಿದೆ. ಊರವರು ಕೆಳಗಿನ ಮೆತ್ತನೆಯ ಜಾಗದಲ್ಲಿ ಕುಣಿ ತೋಡೋಣ ಎನ್ನುತ್ತಿದ್ದರು. ಆ ಗುಡ್ಡದಲ್ಲಿ ತೋಡಬೇಕಾದರೆ ಮದ್ದು ಇಟ್ಟು ಸಿಡಿಸಬೇಕು ಎಂಬುದು ಅವರ ವಾದ. ಸಾಬಮ್ಮ ಒಂದೇ ಮಾತು ಹೇಳಿದಳು: "ಅವನ ಹೊಲದಾಗs."

ನಾಲ್ವರು ಹಾರೆ, ಸುತ್ತಿಗೆ ಹಿಡಿದು ಬೈದುಕೊಳ್ಳುತ್ತ ಶುರು ಮಾಡಿದರು. ಮೊದಲ ಗೇಣು ಕಿಡಿ ಹಾರಿತು. ಅದು ದಾಟಿದ ಮೇಲೆ ಹಾರೆ ಒಮ್ಮೆಲೇ ಒಳಗೆ ಹೋಯಿತು. ಪದರು ಪದರಾಗಿ ಎದ್ದು ಬಂದದ್ದು ಕಂದು ಬಣ್ಣದ, ಹಸಿಯಾದ, ಹಿಡಿದರೆ ಪುಡಿಯಾಗುವ ಮಣ್ಣು. ತೋಡುವವನೊಬ್ಬ ಹಾರೆ ನಿಲ್ಲಿಸಿ, "ಏನಲೇ ಇದು, ಬೆಣ್ಣಿ ಆಗ್ಯಾದ," ಎಂದ.

"ಜಲ್ಮ ಪೂರ್ತಿ ಅದನ್ನs ಹೇಳ್ಯಾನ, ಯಾರ್ ಕೇಳೀರಿ?" ಎಂದು ಸಾಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಗುಡಿಸಲಿಗೆ ಹೋಗಿ ಪ್ಲಾಸ್ಟಿಕ್ ಹಾಳೆಯಲ್ಲಿದ್ದ ಕಾರ್ಡು ತಂದು ನನ್ನ ಕೈಗೆ ಕೊಟ್ಟಳು.

ಚೀಲದಲ್ಲಿ ಕಚೇರಿಯ ಟೇಪಿತ್ತು. ಅದನ್ನು ಕುಣಿಗೆ ಇಳಿಬಿಟ್ಟೆ. ಕಣ್ಣು ತುಂಬಿ ಅಂಕಿ ಕಾಣಲಿಲ್ಲ, ಕೆಳಗಿದ್ದವನೇ ಓದಿ ಹೇಳಿದ, "ಐದೂವರಿ ಅಡಿ. ಇನ್ನಾ ಅದರಿ ಕೆಳಗ." ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಜಾಗದಲ್ಲಿ ಬರೆದೆ: 'ಐದೂವರೆ ಅಡಿ, ಕೆಳಗೆ ಇನ್ನೂ ಇದೆ.' ಕೆಳಗೆ ನನ್ನ ಸಹಿಯನ್ನೂ ಹಾಕಿದೆ.

ಸಾಬಮ್ಮನಿಗೆ ಓದಲು ಬರುತ್ತಿರಲಿಲ್ಲ. ಕಾರ್ಡು ಇಸಿದುಕೊಂಡು ಬರೆದ ಜಾಗದ ಮೇಲೆ ಬೆರಳಿಟ್ಟಳು.

"ಈಗ ಪೂರಾ ಆಯಿತೇನ್ರಿ?"

"ಪೂರಾ ಆತು, ಯವ್ವಾ."

ಅವಳು ಕಾರ್ಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಆ ನಾಲ್ವರ ಕಡೆ ತಿರುಗಿದಳು.

"ಹಂಗಿದ್ರ ಇಳಸರಿ. ಕಲ್ಲು ಒಂದೂ ಚೆಲ್ಲಬ್ಯಾಡ್ರಿ, ಎಲ್ಲಾ ಹೊಳ್ಳಿ ಮ್ಯಾಲ ಇಡ್ರಿ."