ಹರಿವಾಣದ ಹೂವು

ಕೀನೆ ಜೋಪ್ ಊಟಕ್ಕೆ ಬರುತ್ತಾಳೆಂದರೆ ನಮ್ಮ ರುಫಿಸ್ಕ್ ಊರಿನ ಯಾವ ಮನೆಯಲ್ಲೇ ಆಗಲಿ, ಒಲೆಯ ಮುಂದಿದ್ದವಳಿಗೆ ಎದೆ ಢವಢವ ಎನ್ನುತ್ತಿತ್ತು. ನಾಮಕರಣವೋ ಮದುವೆಯೋ, ಒಂದು ದೊಡ್ಡ ಹರಿವಾಣದ ಸುತ್ತ ಐದಾರು ಹೆಂಗಸರು ಕೂರುವುದು, ತಮ್ಮ ಮುಂದಿನ ಪಾಲನ್ನು ಮಾತ್ರ ಉಣ್ಣುವುದು, ಪಕ್ಕದವಳ ಪಾಲಿಗೆ ಕೈ ಹಾಕದಿರುವುದು. ಹರಿವಾಣದ ತಳದಲ್ಲಿ ಅಂಚಿನವರೆಗೂ ಎಸಳು ಚಾಚಿದ ಕೆಂಪು ಹೂವಿನ ಚಿತ್ರ ಇರುತ್ತದಲ್ಲ, ಕೀನೆಯ ಮುಂದೆ ಆ ಹೂವು ಪೂರ್ತಿ ಕಂಡರೆ ಅಡುಗೆ ಗೆದ್ದಂತೆ. ಅನ್ನದ ಕೆಳಗೇ ಉಳಿದರೆ ಆ ಮನೆಯವಳು ನಾಲ್ಕು ಜನರ ಮುಂದೆ ಮುಖವೆತ್ತುವಂತಿಲ್ಲ. ಕೀನೆ ಮಾತ್ರ ಯಾರ ಮನೆಯಲ್ಲೂ ಹೂವು ಮುಚ್ಚಿಟ್ಟು ಎದ್ದವಳಲ್ಲ. ಹಾಗಾಗಿ ನಮ್ಮೂರಿನಲ್ಲಿ ಎಲ್ಲರೂ ಅಡುಗೆಯಲ್ಲಿ ಪಳಗಿದವರೇ. ಊಟ ಹೇಗಿತ್ತು ಎಂದು ಅವಳು ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಹೇಳಲು ಬಾಯಿಗೆ ಬಿಡುವಾದರೂ ಎಲ್ಲಿತ್ತು?

ಬಟ್ಟೆ ವ್ಯಾಪಾರದ ಹೆಂಗಸು. ನೀಲಿ ಬೂಬು ನಿಲುವಂಗಿ ತೊಟ್ಟು ಸಂತೆಯಲ್ಲಿ ನಡೆದರೆ ದಾರಿ ತಾನಾಗಿ ಬಿಡುತ್ತಿತ್ತು. ಅವಳು ಜಟಕಾ ಹತ್ತಿದಾಗ ಕುದುರೆ ಕತ್ತು ತಿರುಗಿಸಿ ನೋಡುತ್ತಿತ್ತೆಂದು ಜಟಕಾದವನು ಆಣೆ ಮಾಡಿ ಹೇಳುತ್ತಾನೆ. ಆ ಜಟಕಾದವನು ನ್ಜಾಯ್ ಮನೆತನದವನು. ಜೋಪ್‌ಗಳಿಗೂ ನ್ಜಾಯ್‌ಗಳಿಗೂ ತಲೆತಲಾಂತರದಿಂದ ಬಂದ ಒಪ್ಪಂದವೊಂದಿದೆ. ಎದುರಾದಾಗ ಒಬ್ಬರನ್ನೊಬ್ಬರು ಹೊಟ್ಟೆಬಾಕರೆಂದು ಹೀಯಾಳಿಸಬೇಕು, ಸಿಟ್ಟು ಮಾಡಿಕೊಳ್ಳಕೂಡದು, ಕೈಲಿದ್ದದ್ದನ್ನು ಕಿತ್ತುಕೊಂಡರೂ ಕೇಳಕೂಡದು. ಪೊಲೀಸಿನವನು ನ್ಜಾಯ್ ಆಗಿ, ಅವನು ಹಿಡಿದ ಕಳ್ಳ ಜೋಪ್ ಆದರೆ ಮೊದಲು ಅನ್ನದ ಜಗಳ, ಆಮೇಲೆ ಕಳವಿನ ವಿಚಾರಣೆ.

"ಜೋಪಮ್ಮಾ, ಊರಲ್ಲಿ ಅಕ್ಕಿ ಉಳ್ಸಿದೀಯಾ?" ಎಂದು ಜಟಕಾದವನು ದಿನಾ ಕೇಳುವನು.

"ನಿಮ್ಮಪ್ಪ ನ್ಜಾಯ್ ಮಡಕೆ ನೆಕ್ಕಿ ಹೋದ್ಮೇಲೆ ಉಳಿಯೋದೇನಿದೆ?" ಎಂದು ಕೀನೆ ದಿನಾ ಹೇಳುವಳು. ಇಷ್ಟಾದರೆ ಇಬ್ಬರಿಗೂ ಬೆಳಗಾಗುತ್ತಿತ್ತು.

ಹೀಗಿರುವಾಗ ಮಂಡಿ ಕೈಕೊಟ್ಟಿತು, ಸಕ್ಕರೆ ಕಾಯಿಲೆ ಏರಿತು. ಡಾಕ್ಟರು ಹೊಟ್ಟೆಯನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿಸಿಕೊ, ಇಲ್ಲವಾದರೆ ಮೊಮ್ಮಕ್ಕಳ ಮುಖ ನೋಡಲಾರೆ ಎಂದರು. ಬಟ್ಟೆ ತರುವ ನೆಪದಲ್ಲಿ ಟುನಿಸ್‌ಗೆ ಹೋಗಿ ಮಾಡಿಸಿಕೊಂಡು ಬಂದಳು. ತಿಳಿದದ್ದು ಗಂಡ ಮೋಮಾರ್ ಗಾಯ್‌ಗೆ ಮಾತ್ರ. "ಹೊರಗೆ ಬಾಯಿಬಿಟ್ರೆ ನೋಡಿ. ಜೋಪ್‌ಗಳ ಬಾಯಿ ಕಟ್ಟಕ್ಕೆ ಕತ್ತರೀನೇ ಬೇಕಾಯ್ತು ಅಂತ ನ್ಜಾಯ್‌ಗಳು ಏಳು ತಲೆಮಾರು ಹಾಡ್ಕೋತಾರೆ" ಎಂದು ಅವನಿಂದ ಆಣೆ ಹಾಕಿಸಿಕೊಂಡಳು.

ತಿಂಗಳುಗಳು ಕಳೆದಂತೆ ಬೂಬು ಸಡಿಲವಾಯಿತು, ಊರಿನ ನಾಲಿಗೆಯೂ ಸಡಿಲವಾಯಿತು. ಮೋಮಾರ್ ಎರಡನೆಯವಳನ್ನು ನೋಡಿಟ್ಟಿದ್ದಾನೆ, ಆ ಕೊರಗು ಎಂದರು ಕೆಲವರು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಹಲವರು. ಮೋಮಾರ್ ಸಿಕ್ಕಸಿಕ್ಕವರಿಗೆ ತನ್ನ ಏಕಪತ್ನೀವ್ರತ ಸಾರುತ್ತಾ ತಿರುಗಿದ್ದರಿಂದ ಮೊದಲನೆಯ ಸುದ್ದಿಗೇ ಬಲ ಬಂತು. ಎಲ್ಲಕ್ಕಿಂತ ನೋವಾದದ್ದು ಜಟಕಾದವನು ಹೀಯಾಳಿಸುವುದನ್ನು ಬಿಟ್ಟು, "ಆರೋಗ್ಯಾನಾ ತಾಯಿ?" ಎಂದು ಮೆತ್ತಗೆ ಕೇಳಿದ ದಿನ. ಕೀನೆ ಮನೆಗೆ ಬಂದು ಅತ್ತಳು.

ಊಟದ ಸುಖ ಹೋಯಿತೇ ಎಂದರೆ, ಅದೇ ವಿಚಿತ್ರ. ಗಂಜಿ, ಸಾರಿನ ದಿನಗಳು ಮುಗಿದು ಮೊದಲ ತುಂಡು ಮೀನು ಬಾಯಿಗಿಟ್ಟ ದಿನ, ಡಾಕ್ಟರು ಹೇಳಿದ್ದರೆಂದು ನಿಧಾನ ಅಗಿದಳು. ಮೀನಿನೊಳಗೆ ತುಂಬಿದ ಸೊಪ್ಪು, ಬೆಳ್ಳುಳ್ಳಿ, ಖಾರ ಒಂದೊಂದೇ ಬಂದು ಹೆಸರು ಹೇಳಿಕೊಂಡವು. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು ಎಂದು ಅವಳಿಗೆ ಬೆರಗಾಯಿತು. ಅದರ ಜೊತೆಗೆ, ಪಕ್ಕದ ಮನೆಯ ಕೈರುಚಿಯೆಂದು ಹೆಸರಾದ ಮೀನಿನ ಅನ್ನ ಬರೀ ಉಪ್ಪುನೀರು ಎಂಬ ಸತ್ಯವೂ ಗೊತ್ತಾಯಿತು. ಆ ಉಪ್ಪುನೀರಿಗೆ ಹೂವು ಕಾಣಿಸಿ ಕಾಣಿಸಿ ಹೆಸರು ತಂದುಕೊಟ್ಟವಳು ತಾನೇ.

ಔತಣಗಳಲ್ಲಿ ತನ್ನ ಪಾಲಿನ ಮೀನು, ಮರಗೆಣಸು, ಎಲೆಕೋಸುಗಳನ್ನು ಮುರಿದು ಅಕ್ಕಪಕ್ಕದವರ ಮುಂದೆ ತಳ್ಳತೊಡಗಿದಳು. ಹಾಗೆ ತಳ್ಳುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಕೀನೆಗೆ ವೈರಾಗ್ಯ ಬಂದಿದೆ, ದೇವರ ಕಡೆ ತಿರುಗಿದ್ದಾಳೆ ಎಂದು ಹೆಸರಾಯಿತು. ಇನ್ನಷ್ಟು ದಿನ ಕಳೆದಿದ್ದರೆ ತಾಯತ ಕಟ್ಟಿಸಿಕೊಳ್ಳಲು ಜನ ಬರುತ್ತಿದ್ದರೇನೋ.

ಅಷ್ಟರಲ್ಲಿ ಮಗನ ಮದುವೆಯಾಯಿತು. ಸೊಸೆ ಮಾರೆಮ್ ನ್ಜಾಯ್ ಮನೆತನದವಳು; ನಮ್ಮಲ್ಲಿ ಮದುವೆಯಾದರೂ ಹೆಣ್ಣಿಗೆ ತವರಿನ ಮನೆತನವೇ. ಮನೆಯೊಳಗೇ ಹೀಯಾಳಿಸುವವರೊಬ್ಬರು ಇರಲಿ ಎಂದು ಕೀನೆ ಆಸೆಪಟ್ಟು ತಂದ ಹುಡುಗಿ. ಬಂದವಳು ನೋಡಿದರೆ ತಲೆಯ ಮೇಲಿನ ಬಟ್ಟೆ ಸರಿಸುವವಳಲ್ಲ, ಕಣ್ಣೆತ್ತುವವಳಲ್ಲ, ಹೂಂ ಬಿಟ್ಟರೆ ಹಾಂ.

"ಎಂಥಾ ನ್ಜಾಯ್ ಇವ್ಳು, ನನ್ನ ಒಂದ್ಸಲಾನೂ ಬೈದಿಲ್ಲ" ಎಂದು ಕೀನೆ ಗಂಡನ ಮುಂದೆ ಗೊಣಗಿದಳು.

"ನಿಂಗೇ ಹೆದರ್ಕೊಂಡಿದೆ ಆ ಮಗು. ಸುಮ್ನಿರು" ಎಂದ ಮೋಮಾರ್.

ಸೊಸೆ ಮೊದಲ ಬಾರಿ ಅಡುಗೆ ಮಾಡಿ ಗಂಡನ ಕಡೆಯವರಿಗೆ ಬಡಿಸುವ ದಿನ ಬಂತು. ಮೋಮಾರ್‌ನ ಅಕ್ಕ ನ್ದೆಲ್ಲಾ ಬೆಳಗ್ಗೆಯೇ ಬಂದು ಕೂತಳು. ಕೀನೆಯ ಮಗನಿಗೆ ತನ್ನ ಗಂಡನ ತಂಗಿಯ ಮಗಳನ್ನು ತರಬೇಕೆಂದಿದ್ದವಳು, ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. "ನಾನ್ಯಾಕೆ ಹೇಳ್ಲಿ? ನಮ್ಮ ಕೀನೆ ಮುಂದಿನ ಹೂವೇ ಹೇಳ್ಲಿ. ಅದು ಕಾಣ್ದಿದ್ರೆ ಈ ಹುಡುಗೀನ ಒಂದಷ್ಟು ದಿನ ತವರಿಗೆ ಕಳ್ಸಿ, ಅಡುಗೆ ಕಲ್ತು ಬರ್ಲಿ" ಎಂದು ಎಲ್ಲರ ಕಿವಿಗೂ ಬೀಳುವಂತೆ ಹೇಳಿದಳು. ಒಲೆಯ ಬಳಿ ಮಾರೆಮ್‌ಳ ಕೈಯ ಸೌಟು ನಿಂತಿತು. ಕೀನೆಗೆ ಹೂವು ಕಾಣಿಸಲು ಹೊಟ್ಟೆಯಿಲ್ಲ, ಇಲ್ಲವೆಂದು ಹೇಳಲು ಧೈರ್ಯವಿಲ್ಲ, ನಡುವೆ ಸಾಯುವುದು ಆ ಹುಡುಗಿ.

ಹರಿವಾಣ ಬಂತು. ಕೆಂಪಗೆ ಮಿರುಗುವ ನುಚ್ಚಕ್ಕಿ ಅನ್ನ, ನಡುವೆ ಮೀನು, ಸುತ್ತ ತರಕಾರಿ. ಕೀನೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇಂಥದ್ದನ್ನು ಅವಳು ಹುಟ್ಟಿದಾರಭ್ಯ ಉಂಡಿರಲಿಲ್ಲ. ಅಯ್ಯೋ, ಹಳೆಯ ಹೊಟ್ಟೆ ಇದ್ದಿದ್ದರೆ ಎಂದು ಕರುಳು ಕಿತ್ತುಬಂತು. ನಾಲ್ಕಾರು ತುತ್ತಿಗೆ ಹೊಟ್ಟೆ ಬಾಗಿಲು ಹಾಕಿತು. ಮೀನನ್ನು ಅತ್ತ ತಳ್ಳಿದಳು, ಕೋಸನ್ನು ಇತ್ತ ತಳ್ಳಿದಳು. ಅನ್ನವನ್ನು ತಳ್ಳುವಂತಿಲ್ಲವಲ್ಲ. ಉಳಿದವರ ಮುಂದೆಲ್ಲ ಎಸಳು ಕಾಣತೊಡಗಿದವು. ಅವಳ ಮುಂದೆ ಮಾತ್ರ ಅನ್ನದ ಗುಡ್ಡೆ ಹಾಗೆಯೇ ಇತ್ತು.

"ಯಾಕೆ ಕೀನೆ, ಗಂಟಲಲ್ಲಿ ಇಳೀತಿಲ್ವಾ?" ನ್ದೆಲ್ಲಾ ಕೇಳಿದಳು.

ಕೀನೆ ಹಟಕ್ಕೆ ಬಿದ್ದು ಮತ್ತೊಂದು ತುತ್ತು ತುರುಕಿದಳು. ಹಣೆಯಲ್ಲಿ ಬೆವರೊಡೆಯಿತು, ಬಿಕ್ಕಳಿಕೆ ಬಂತು, ಎದೆಗೆ ಕಲ್ಲು ಇಟ್ಟಂತಾಯಿತು. ಇನ್ನು ಹೇಳಿಬಿಡುವುದೇ ಸರಿ, ಮಾನ ಹೋದರೆ ಹೋಗಲಿ ಎಂದು ಬಾಯಿ ತೆರೆದಳು.

"ಇಳಿಯೋದೆಲ್ಲಿಂದ ದೊಡ್ಡತ್ತೆ?" ನೀರಿನ ತಂಬಿಗೆ ಹಿಡಿದು ಹಿಂದೆ ನಿಂತಿದ್ದ ಮಾರೆಮ್ ಮಾತಾಡಿದಳು. "ಈ ಜೋಪಮ್ಮ ಆಗ್ಲೇ ಒಲೆ ಹತ್ರ ಕೂತು ಅರ್ಧ ಪಾತ್ರೆ ಮುಗ್ಸಿ ಬಂದಿದಾಳೆ. ರುಚಿ ನೋಡ್ತೀನಿ ಅಂದ್ಳು, ನಾನು ಪೆದ್ದಿ ಸೌಟು ಕೊಟ್ಟೆ. ನಿಮ್ಗೆ ಉಳ್ಸಿದ್ದೇ ನಿಮ್ಮ ಪುಣ್ಯ. ಹೊಟ್ಟೆಬಾಕಿ."

ಅತ್ತೆಗೆ ಹೊಟ್ಟೆಬಾಕಿ ಎಂದ ಸೊಸೆ! ಆಮೇಲೆ ಯಾರಿಗೋ ಇವಳು ನ್ಜಾಯ್, ಅವಳು ಜೋಪ್ ಎಂದು ನೆನಪಾಗಿ ನಗು ಚಿಮ್ಮಿತು. ಗಾಯ್ ಮನೆತನದ ನ್ದೆಲ್ಲಾ ಈ ಜಗಳದಲ್ಲಿ ತಲೆ ಹಾಕುವಂತಿರಲಿಲ್ಲ.

"ಸರೀರಿ ಆ ಕಡೆ. ಕದ್ದು ತಿಂದೋಳ ಪಾಲು ನನ್ದು" ಎಂದು ಮಾರೆಮ್ ತಂಬಿಗೆ ಕೆಳಗಿಟ್ಟು, ನಿಲುವಂಗಿಯ ಅಂಚು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಪಕ್ಕ ಒತ್ತಿ ಕೂತಳು. ಬೇರೆ ಯಾವ ಸೊಸೆಯೂ ಮಾಡಲಾರದ ಕೆಲಸ. ಕೈ ಹಾಕಿ, ಹೂವು ಕಾಣುವವರೆಗೂ ಉಂಡಳು.

"ಮಡಕೆ ನೆಕ್ಕೋ ಜಾತಿ. ನಿಮ್ಮಪ್ಪನೂ ಹಿಂಗೇನೇ" ಎಂದಳು ಕೀನೆ. ಖಾರ ಜಾಸ್ತಿಯಾಯಿತೆಂದು ಕಣ್ಣೊರೆಸಿಕೊಂಡಳು.

ಎಲ್ಲರೂ ಹೋದ ಮೇಲೆ ಮಾರೆಮ್ ಒಂದು ಪುಟ್ಟ ತಟ್ಟೆ ತಂದಿಟ್ಟಳು. ಅದರಲ್ಲಿ ಪಾತ್ರೆಯ ತಳದಿಂದ ಕೆರೆದ ಗರಿಗರಿ ಸೀಕಲು, ಬಾಳೆಹಣ್ಣಿನಷ್ಟು ಹೊಟ್ಟೆಗೆ ಅಳೆದಂತೆ.

"ನಿನ್ನ ಮಾವ ನಿದ್ದೆಗಣ್ಣಲ್ಲಿ ಬಾಯಿಬಿಟ್ರಾ?" ಕೀನೆ ಕೇಳಿದಳು.

"ಇಲ್ಲ ಅತ್ತೆ. ದಿನಾ ಅಡುಗೆಮನೇಲಿ ಒಂದು ತುಂಡು ಮೀನು ಹಿಡ್ಕೊಂಡು ಕಣ್ಮುಚ್ಚಿ ಕೂರ್ತೀರಲ್ಲ, ನಾನು ನೋಡಲ್ವಾ? ನಮ್ಮ ಚಿಕ್ಕಮ್ಮನೂ ಇದನ್ನೇ ಮಾಡಿಸ್ಕೊಂಡಿದಾರೆ." ತಟ್ಟೆಯನ್ನು ಅತ್ತೆಯ ಹತ್ತಿರ ಸರಿಸಿ ಕೇಳಿದಳು, "ಹೂವು ಕಾಣ್ಸಿದ್ದು ನಾನು, ಅದು ಲೆಕ್ಕಕ್ಕೆ ಬರಲ್ಲ. ಹೆಂಗಿತ್ತು ಅಡುಗೆ, ನೀವೇ ಹೇಳಿ."

ಕೀನೆ ಸೀಕಲಿನ ಚೂರನ್ನು ನಿಧಾನ ಅಗಿದು ನುಂಗಿದಳು. ಆಮೇಲೆ ಶುರು ಮಾಡಿದಳು. ಹುಣಸೆ ಎಲ್ಲಿ ಬಂತು, ಒಣಮೀನಿನ ವಾಸನೆ ಎಲ್ಲಿ ನಿಂತಿತು, ನುಚ್ಚಿನ ಒಂದೊಂದು ಕಾಳೂ ಹೇಗೆ ಎಣ್ಣೆ ಕುಡಿದಿತ್ತು, ಬದನೆಯ ಕಹಿ ಯಾಕೆ ಬೇಕಿತ್ತು, ಮರಗೆಣಸು ಮಾತ್ರ ಒಂದು ಕುದಿ ಕಮ್ಮಿ. ಚಹಾ ಮೂರು ಸಲ ಕಾಯಿಸಿ ಬಗ್ಗಿಸಿದರೂ ಮುಗಿಯಲಿಲ್ಲ. ಇಡೀ ಆಯುಷ್ಯದಲ್ಲಿ ಹೇಳದೆ ನುಂಗಿದ್ದೆಲ್ಲ ಬಂತು. ಮಾರೆಮ್ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಕೂತಳು, ಅವಳ ಕಣ್ಣೂ ತುಂಬಿತ್ತು.

"ಹೊಟ್ಟೆ ಕತ್ತರ್ಸಿದ ಡಾಕ್ಟ್ರು ಆ ತುಂಡನ್ನ ನಾಲಿಗೆಗೆ ಹೊಲಿದು ಕಳ್ಸಿದಾರೆ" ಎಂದಳು ಕೊನೆಗೆ. "ಜೋಪ್ ಬುದ್ಧಿ ಎಲ್ಲಿ ಹೋಗುತ್ತೆ."

"ಮುಚ್ಚೇ, ನ್ಜಾಯ್" ಎಂದು ಕೀನೆ ತಟ್ಟೆಯಲ್ಲಿ ಉಳಿದ ಸೀಕಲನ್ನು ಮುರಿದು ಸೊಸೆಯ ಕಡೆಗೆ ತಳ್ಳಿದಳು.