ದ್ವಾರಪಾಲಕರ ಎರಡು ಕಪ್ ಚಹಾ

ನಿನ್ನೆ ಕೂತ ಕುರ್ಚಿ ಇವತ್ತು ಸಿಕ್ಕರೆ ಪುಣ್ಯ ಎನ್ನುವಷ್ಟು ವೇಗವಾಗಿ ಬೆಳೆಯುತ್ತಿರುವ ಸಾಫ್ಟ್‌ವೇರ್ ಕಂಪನಿ ಅದು. ಕೆಲಸ ಕೇಳಿಕೊಂಡು ಬಂದವರನ್ನೆಲ್ಲ ಸಂದರ್ಶನ ಮಾಡುವ ಹಿರಿಯ ಎಂಜಿನಿಯರ್‌ಗೆ ಅಲ್ಲಿ ದ್ವಾರಪಾಲಕರೆಂದೇ ಹೆಸರು. ಊರಿಗೆಲ್ಲ ಬಾಗಿಲು ತೆರೆದು ತಾವು ಮಾತ್ರ ಹೊಸ್ತಿಲಲ್ಲೇ ಉಳಿದವರು. ಗಾಜಿನ ಕೋಣೆಗೆ ತಾವೇ ಎರಡು ಕಪ್ ಚಹಾ ತಂದಿಟ್ಟು, ಎದುರಿಗೆ ಬೆವರುತ್ತಿರುವ ಜೀವಕ್ಕೆ, "ಗಾಬರಿ ಬೇಡ, ಟೈಮ್ ತಗೊಳ್ಳಿ" ಎನ್ನುತ್ತಾರೆ. ಅಂದದ್ದೇ ತಡ, ಆ ಜೀವ ಗೊತ್ತಿದ್ದದ್ದನ್ನೂ ಮರೆಯುತ್ತದೆ. ಚಹಾ ಮುಟ್ಟುವ ಧೈರ್ಯವಂತೂ ಯಾರಿಗೂ ಇಲ್ಲ. ಬಂದವರು ಎದ್ದು ಹೋದ ಮೇಲೆ ತಣ್ಣಗಾದ ಆ ಕಪ್ಪನ್ನೂ ಇವರೇ ಮುಗಿಸುತ್ತಾರೆ. ಆಯ್ಕೆಯಾದವರು ಬೇರೆ ಬೇರೆ ಮಹಡಿ ಸೇರಿ, ತಮ್ಮದೇ ಗುಂಪು ಕಟ್ಟಿಕೊಂಡು ನಗುತ್ತಿರುತ್ತಾರೆ. ಊಟದ ಹೊತ್ತಿಗೆ ಇವರು ತಟ್ಟೆ ಹಿಡಿದು ಹತ್ತಿರ ಬಂದರೆ, "ಏಳ್ರೋ, ದ್ವಾರಪಾಲಕ್ರು! ಮತ್ತೆ ಪ್ರಶ್ನೆ ಕೇಳ್ತಾರೆ!" ಎಂದು ಗಬಗಬನೆ ನುಂಗಿ ಎದ್ದುಬಿಡುತ್ತಾರೆ. ಹೀಗಾಗಿ ಸಂದರ್ಶನದ ಕೊನೆಯ ಮಾತಿನ ಮೇಲೆ ಇವರಿಗೆ ತುಸು ಹೆಚ್ಚೇ ಆಸೆ: "ನನ್ನನ್ನೇನಾದ್ರೂ ಕೇಳೋದಿದೆಯಾ?" ಎಲ್ಲರೂ ಕಂಪನಿಯ ಭವಿಷ್ಯ ಕೇಳುತ್ತಾರೆ. ಮೊನ್ನೆ ಬಂದ ಹೆಣ್ಣುಮಗಳೊಬ್ಬಳು ಮಾತ್ರ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿ, "ದಿನಾ ಇಲ್ಲಿ ಯಾರ ಜೊತೆ ಟೀ ಕುಡೀತೀರಾ ಸರ್?" ಎಂದು ಕೇಳಿದಳು. ಅರ್ಧ ಕಂಪನಿಯನ್ನೇ ಒಳಗೆ ಬಿಟ್ಟ ಮನುಷ್ಯ ಕನ್ನಡಕ ತೆಗೆದು ಒರೆಸತೊಡಗಿದರು. "ಗಾಬರಿ ಬೇಡ ಸರ್," ಎಂದಳು ಅವಳು, "ಟೈಮ್ ತಗೊಳ್ಳಿ."